ಇಂಗ್ಲಿಷ್ ಕ್ರಿಯಾಪದಗಳ ಭೂತಕಾಲ ರೂಪಗಳು: ಒಂದು ಚಾರಿತ್ರಿಕ ಪರಿಶೀಲನೆ

೧

ಶಾಲೆಯಲ್ಲಿ ಇಂಗ್ಲಿಷ್ ಕಲಿತ ಕನ್ನಡಿಗರೆಲ್ಲರಿಗೂ ಒಂದು ಪಟ್ಟಿಯ ಪರಿಚಯವಿರುತ್ತದೆ. ಮೂರು ಸಾಲುಗಳಲ್ಲಿ ಕ್ರಿಯಾಪದಗಳನ್ನು ಜೋಡಿಸಿದ ಆ ಪಟ್ಟಿಯನ್ನು ‘ಗೋ–ವೆಂಟ್–ಗಾನ್’, ‘ಸಿಂಗ್–ಸ್ಯಾಂಗ್–ಸಂಗ್’, ‘ಬ್ರಿಂಗ್–ಬ್ರಾಟ್–ಬ್ರಾಟ್’ ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿಸುವುದು ವಾಡಿಕೆ. ಪಟ್ಟಿಯ ತಲೆಯ ಮೇಲೆ ‘ಅನಿಯಮಿತ ಕ್ರಿಯಾಪದಗಳು’ ಎಂದು ಬರೆದಿರುತ್ತದೆ. ಹೀಗೆ ಬರೆದ ಮೇಲೆ ಕಾರಣ ಕೇಳುವ ಪ್ರಶ್ನೆಯೇ ಉಳಿಯುವುದಿಲ್ಲ. ನಿಯಮವಿಲ್ಲದ್ದಕ್ಕೆ ವಿವರಣೆ ಎಲ್ಲಿಯದು ಎಂಬುದು ಅಲ್ಲಿನ ತರ್ಕ.

ಈ ವಿಂಗಡಣೆ ಹಳೆಯದು. ೧೭೯೫ರಲ್ಲಿ ಪ್ರಕಟವಾಗಿ ಮುಂದೆ ಬಹುಕಾಲ ಪಠ್ಯವಾಗಿದ್ದ ಲಿಂಡ್ಲಿ ಮರ್ರೆಯ ಇಂಗ್ಲಿಷ್ ವ್ಯಾಕರಣದಲ್ಲಿಯೂ ‘ಎಡ್’ ಪ್ರತ್ಯಯ ಹತ್ತುವ ಧಾತುಗಳು ನಿಯಮಿತ, ಉಳಿದವು ಅನಿಯಮಿತ ಎಂಬ ವಿಭಾಗವಿದೆ. ಬೋಧನೆಯ ಸೌಕರ್ಯಕ್ಕೆ ಇದು ಸಾಲಬಹುದು, ಭಾಷಾಚರಿತ್ರೆಯ ದೃಷ್ಟಿಗೆ ಸಾಲದು. ಈ ಪಟ್ಟಿಯಲ್ಲಿರುವ ರೂಪಗಳಲ್ಲಿ ಬಹುಪಾಲು ಒಂದು ಕಾಲದಲ್ಲಿ ನಿಯಮಬದ್ಧವಾಗಿಯೇ ಹುಟ್ಟಿದವು. ನಿಯಮ ಅಳಿದು ಅದರ ಫಲ ಮಾತ್ರ ಉಳಿದಾಗ ಅದನ್ನು ನಾವು ಅಪವಾದವೆನ್ನುತ್ತೇವೆ. ಇದನ್ನು ಇಂಗ್ಲಿಷಿನ ನಿದರ್ಶನಗಳಿಂದ ಸ್ಪಷ್ಟಪಡಿಸಿ, ಕನ್ನಡದ ಭೂತಕಾಲ ರೂಪಗಳನ್ನು ಅಭ್ಯಸಿಸುವವರಿಗೆ ಇದರಿಂದ ದೊರೆಯುವ ಬೆಳಕೇನು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಸ್ವರಪಲ್ಲಟದ ಧಾತುಗಳು

ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಮೊದಲಾದವು ಜರ್ಮಾನಿಕ್ ಶಾಖೆಗೆ ಸೇರಿದ ಭಾಷೆಗಳು. ಈ ಶಾಖೆಯಲ್ಲಿ ಭೂತಕಾಲವನ್ನು ಸೂಚಿಸುವ ಎರಡು ವಿಧಾನಗಳಿವೆ. ಧಾತುವಿನ ಒಳಗಿನ ಸ್ವರವನ್ನು ಬದಲಿಸುವುದು ಒಂದು, ಧಾತುವಿನ ಕೊನೆಗೆ ದಂತ್ಯ ಪ್ರತ್ಯಯವನ್ನು ಹಚ್ಚುವುದು ಇನ್ನೊಂದು. ಮೊದಲನೆಯವನ್ನು ‘ಪ್ರಬಲ’, ಎರಡನೆಯವನ್ನು ‘ದುರ್ಬಲ’ ಎಂದು ಕರೆದವನು ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್. ಆತನ ಜರ್ಮನ್ ವ್ಯಾಕರಣದ ಮೊದಲ ಸಂಪುಟ ೧೮೧೯ರಲ್ಲಿ ಹೊರಬಂದಿತು.

ಸ್ವರಪಲ್ಲಟದ ಪದ್ಧತಿ ಇಂಗ್ಲಿಷ್ ಹುಟ್ಟುವುದಕ್ಕಿಂತ ಬಹಳ ಹಿಂದಿನದು, ಇಂಡೋ-ಯುರೋಪಿಯನ್ ಮೂಲಭಾಷೆಯ ಕಾಲದ್ದು. ಸಂಸ್ಕೃತ ಬಲ್ಲವರಿಗೆ ಇದು ಹೊಸದಲ್ಲ. ‘ವಿದ್’ ಧಾತುವಿನಿಂದ ‘ವೇದ’ (ಅವನು ಬಲ್ಲ) ಎಂಬ ಏಕವಚನವೂ ‘ವಿದುಃ’ (ಅವರು ಬಲ್ಲರು) ಎಂಬ ಬಹುವಚನವೂ ಆಗುತ್ತವೆ. ಏಕವಚನದಲ್ಲಿ ಗುಣ, ಬಹುವಚನದಲ್ಲಿ ಮೂಲಸ್ವರ. ಹಳೆಯ ಇಂಗ್ಲಿಷಿನಲ್ಲಿ ಇದೇ ಧಾತುವಿನ ರೂಪಗಳು ‘ವಾಟ್’ ಮತ್ತು ‘ವಿಟನ್’. ಅರ್ಥವೂ ಅದೇ, ರಚನೆಯೂ ಅದೇ. ‘ಹಾಡಿದನು’ ಎಂಬುದಕ್ಕೆ ‘ಸಾಂಗ್’, ‘ಹಾಡಿದರು’ ಎಂಬುದಕ್ಕೆ ‘ಸುಂಗನ್’ ಎಂದು ಅಂದಿನ ಇಂಗ್ಲಿಷಿನಲ್ಲಿದ್ದ ಭೇದವೂ ಇದೇ ಬಗೆಯದು. ಕಾಲಾಂತರದಲ್ಲಿ ವಚನಭೇದ ಅಳಿಯಿತು. ಕೆಲವು ಧಾತುಗಳಲ್ಲಿ ಏಕವಚನದ ಸ್ವರ, ಕೆಲವುಗಳಲ್ಲಿ ಬಹುವಚನದ ಅಥವಾ ಕೃದಂತದ ಸ್ವರ ಭೂತಕಾಲಕ್ಕೆ ನಿಂತಿತು. ‘ರೈಟ್’ ಧಾತುವಿಗೆ ‘ರೋಟ್’ ಎಂದೂ ಅದೇ ವರ್ಗದ ‘ಬೈಟ್’ (ಕಚ್ಚು) ಧಾತುವಿಗೆ ‘ಬಿಟ್’ ಎಂದೂ ಆಗುವುದಕ್ಕೆ ಈ ಆಯ್ಕೆಯ ವ್ಯತ್ಯಾಸವೇ ಕಾರಣ. ‘ಬೈಟ್’ ಸಂಸ್ಕೃತದ ‘ಭಿದ್’ ಧಾತುವಿನ ಸೋದರ ಎಂಬುದನ್ನೂ ಇಲ್ಲಿ ನೆನೆಯಬಹುದು.

ಇಂದಿನ ಇಂಗ್ಲಿಷಿನಲ್ಲಿ ಭೂತಕಾಲದ ವಚನಭೇದ ಒಂದೇ ಒಂದು ಕಡೆ ಉಳಿದಿದೆ: ‘ವಾಸ್’ ಏಕವಚನ, ‘ವರ್’ ಬಹುವಚನ. ಇಲ್ಲಿ ಸ್ವರದೊಂದಿಗೆ ವ್ಯಂಜನವೂ ಬದಲಾಗಿದೆ. ಸಕಾರದ ಸ್ಥಾನದಲ್ಲಿ ರೇಫ ಬಂದುದು ಹೇಗೆ? ಈ ಒಗಟನ್ನು ಬಿಡಿಸಿದವನು ಡೆನ್ಮಾರ್ಕಿನ ಕಾರ್ಲ್ ವೆರ್ನರ್. ೧೮೭೭ರಲ್ಲಿ ಅಚ್ಚಾದ ತನ್ನ ಪ್ರಬಂಧದಲ್ಲಿ ಆತ ಆಧಾರವಾಗಿ ಹಿಡಿದದ್ದು ವೈದಿಕ ಸಂಸ್ಕೃತದ ಸ್ವರಭಾರವನ್ನು. ವೈದಿಕ ರೂಪಗಳಲ್ಲಿ ಏಕವಚನದ ಉದಾತ್ತ ಧಾತುವಿನ ಮೇಲೂ ಬಹುವಚನದ ಉದಾತ್ತ ಪ್ರತ್ಯಯದ ಮೇಲೂ ಬೀಳುತ್ತದೆ. ಜರ್ಮಾನಿಕ್ ಶಾಖೆಯಲ್ಲಿಯೂ ಮೊದಲು ಹೀಗೆಯೇ ಇತ್ತು. ಉದಾತ್ತದ ಬೆನ್ನಿಗೇ ಬಂದ ಸಕಾರ ಹಾಗೆಯೇ ಉಳಿಯಿತು, ಅನ್ಯತ್ರ ಅದು ಘೋಷವಾಗಿ ಕ್ರಮೇಣ ರೇಫವಾಯಿತು. ‘ವಾಸ್’ ಧಾತು ಸಂಸ್ಕೃತದ ‘ವಸ್’ (ವಾಸಿಸು) ಧಾತುವೇ ಆಗಿದೆ. ಅದರ ‘ಉವಾಸ’, ‘ಊಷುಃ’ ಎಂಬ ರೂಪಗಳ ಜೋಡಿಗೆ ‘ವಾಸ್’, ‘ವರ್’ ಸಂವಾದಿಯಾಗಿವೆ. ಜರ್ಮಾನಿಕ್ ಶಾಖೆ ಎಂದೋ ಕಳೆದುಕೊಂಡ ಉದಾತ್ತದ ಗುರುತು ಇಂದಿನ ಇಂಗ್ಲಿಷಿನ ಅತ್ಯಂತ ಸಾಮಾನ್ಯ ಕ್ರಿಯಾಪದದಲ್ಲಿ ಹೀಗೆ ಉಳಿದುಬಂದಿದೆ.

ಇದೇ ಇತಿಹಾಸ ಇನ್ನೊಂದು ಸಂದೇಹವನ್ನೂ ಪರಿಹರಿಸುತ್ತದೆ. ‘ಕ್ಯಾನ್’, ‘ಮೇ’, ‘ಶ್ಯಾಲ್’ ಇವುಗಳಿಗೆ ಪ್ರಥಮಪುರುಷ ಏಕವಚನದಲ್ಲಿ ‘ಎಸ್’ ಏಕೆ ಹತ್ತುವುದಿಲ್ಲ? ಇವು ಮೂಲದಲ್ಲಿ ‘ವೇದ’ ಎಂಬಂತೆ ಭೂತರೂಪಗಳು. ಅರ್ಥ ವರ್ತಮಾನಕ್ಕೆ ಸರಿಯಿತು, ರೂಪ ಮಾತ್ರ ಭೂತಕಾಲದ್ದಾಗಿಯೇ ಉಳಿಯಿತು.

೩. ದಂತ್ಯ ಪ್ರತ್ಯಯ

‘ಎಡ್’ ಪ್ರತ್ಯಯದ ಚರಿತ್ರೆ ಬೇರೆ. ಇದು ಜರ್ಮಾನಿಕ್ ಶಾಖೆಯಲ್ಲಿ ಹೊಸದಾಗಿ ಬೆಳೆದದ್ದು, ಗ್ರೀಕ್, ಲ್ಯಾಟಿನ್, ಸಂಸ್ಕೃತಗಳಲ್ಲಿ ಇದಕ್ಕೆ ನೇರ ಸಂವಾದಿಯಿಲ್ಲ. ಇದರ ಪ್ರಾಚೀನ ಆಧಾರಗಳಲ್ಲಿ ಒಂದು ಡೆನ್ಮಾರ್ಕಿನ ಗ್ಯಾಲೆಹುಸ್ ಎಂಬಲ್ಲಿ ೧೭೩೪ರಲ್ಲಿ ದೊರೆತ ಚಿನ್ನದ ಕೊಂಬಿನ ಮೇಲಿನ ರೂನಿಕ್ ಬರಹ. ಕೊಂಬನ್ನು ತಯಾರಿಸಿದವನು ತನ್ನ ಹೆಸರನ್ನು ಹೇಳಿ ‘ತವಿದೊ’ (ಮಾಡಿದೆನು) ಎಂಬ ಕ್ರಿಯಾಪದದಿಂದ ಮಾತು ಮುಗಿಸಿದ್ದಾನೆ. ೧೮೦೨ರಲ್ಲಿ ಕೊಂಬು ಕಳುವಾಗಿ ಕರಗಿಹೋಯಿತು. ಅದಕ್ಕೆ ಮೊದಲೇ ಚಿತ್ರಿಸಿಕೊಂಡಿದ್ದರಿಂದ ಬರಹ ಮಾತ್ರ ಉಳಿದಿದೆ. ಕಾಲ ಕ್ರಿ.ಶ. ಐದನೆಯ ಶತಮಾನದ ಆರಂಭದ ಸುಮಾರು. ನಮ್ಮ ಹಲ್ಮಿಡಿ ಶಾಸನದ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. ೪೫೦ರ ಸುಮಾರು ಎನ್ನುತ್ತಾರೆ. ಅದರಲ್ಲಿಯೂ ‘ಕೊಟ್ಟಾರ್’, ‘ಕಳ್ದೋನ್’ ಎಂಬ ಭೂತರೂಪಗಳಿವೆ. ಒಬ್ಬ ತಾನು ಮಾಡಿದ್ದನ್ನು, ಇನ್ನೊಂದೆಡೆ ಕೆಲವರು ತಾವು ಕೊಟ್ಟದ್ದನ್ನು ಬರೆದಿಟ್ಟಿದ್ದಾರೆ. ಎರಡು ಭಿನ್ನ ಭಾಷಾಕುಲಗಳ ಆರಂಭದ ಬರಹಗಳಲ್ಲಿಯೇ ಭೂತಕಾಲದ ರೂಪ ಕಾಣಿಸಿಕೊಂಡಿರುವುದು ಸಹಜವೇ ಆಗಿದೆ. ನಡೆದುಹೋದುದನ್ನು ನಿಲ್ಲಿಸಿಡುವುದಕ್ಕಾಗಿಯೇ ಶಾಸನವಿರುವುದು.

ಈ ಪ್ರತ್ಯಯ ಎಲ್ಲಿಂದ ಬಂತು ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಮತವಿಲ್ಲ. ಹೆಚ್ಚು ಜನ ಒಪ್ಪಿರುವ ಅಭಿಪ್ರಾಯದಂತೆ ಇದು ‘ಮಾಡು’ ಎಂಬ ಅರ್ಥದ ಸಹಾಯಕ ಧಾತುವಿನ ಅವಶೇಷ. ಆ ಧಾತುವೇ ಇಂಗ್ಲಿಷಿನ ‘ಡು’, ಸಂಸ್ಕೃತದ ‘ಧಾ’. ಗಾಥಿಕ್ ಭಾಷೆಯ ‘ನಸಿದೇದುಮ್’ (ಉಳಿಸಿದೆವು) ಎಂಬಂಥ ಬಹುವಚನ ರೂಪಗಳ ‘ದೇದುಮ್’ ಭಾಗದಲ್ಲಿ ‘ಮಾಡಿದೆವು’ ಎಂಬ ಪದವೇ ಅಡಗಿದೆಯೆಂದು ಈ ಪಕ್ಷದವರು ಹೇಳುತ್ತಾರೆ. ಇಂಗ್ಲಿಷಿನ ‘ಡಿಡ್’ ರೂಪದಲ್ಲಿ ಧಾತುವಿನ ಮೊದಲ ವ್ಯಂಜನ ಎರಡು ಸಲ ಬಂದಿರುವುದನ್ನು, ಸಂಸ್ಕೃತದ ‘ದಧೌ’ ರೂಪದಲ್ಲಿರುವಂಥ ಅಭ್ಯಾಸದ ಕುರುಹು ಎಂದು ಪರಿಗಣಿಸುವುದುಂಟು.

ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡಿಗರ ಮಾತನ್ನು ಗಮನಿಸುವವರಿಗೆ ಈ ಊಹೆ ಅಸಂಭವವೆನಿಸುವುದಿಲ್ಲ. ನಾವು ‘ಫೋನ್ ಮಾಡಿದೆ’, ‘ಕ್ಯಾನ್ಸಲ್ ಮಾಡಿದರು’, ‘ಅಡ್ಜಸ್ಟ್ ಮಾಡಿಕೊಂಡೆವು’ ಎನ್ನುತ್ತೇವೆ. ಪರಭಾಷೆಯ ಧಾತುವನ್ನು ಬರಿಯ ರೂಪದಲ್ಲಿ ತೆಗೆದುಕೊಂಡು ಕಾಲ, ಪುರುಷ, ವಚನಗಳ ಹೊರೆಯನ್ನೆಲ್ಲ ‘ಮಾಡು’ ಧಾತುವಿಗೆ ಒಪ್ಪಿಸುತ್ತೇವೆ. ‘ಕ್ಯಾನ್ಸಲ್ಡ್ ಮಾಡಿದರು’ ಎಂದು ಯಾರೂ ಹೇಳುವುದಿಲ್ಲ. ‘ರಿಟೈರ್ಡ್ ಮೇಷ್ಟರು’, ‘ರಿಜಿಸ್ಟರ್ಡ್ ಪೋಸ್ಟ್’ ಎಂಬಲ್ಲಿ ಇಂಗ್ಲಿಷ್ ಕೃದಂತ ಬಂದಿದೆಯಾದರೂ ಅಲ್ಲಿ ಅದು ಬರಿಯ ವಿಶೇಷಣ. ಇಂಥ ಸಂಯುಕ್ತ ರಚನೆ ಶತಮಾನಗಟ್ಟಲೆ ಬಳಕೆಯಾಗಿ ಸವೆದರೆ ‘ಮಾಡಿದ’ ಎಂಬುದು ಕೇವಲ ಪ್ರತ್ಯಯವಾಗಿ ಉಳಿಯಬಹುದು. ಜರ್ಮಾನಿಕ್ ಶಾಖೆಯಲ್ಲಿ ನಡೆದದ್ದು ಬಹುಶಃ ಅದೇ.

‘ಎಡ್’ ಎಂಬುದರ ಉಚ್ಚಾರಣೆಗೂ ಒಂದು ಚರಿತ್ರೆಯಿದೆ. ಮೊದಲು ಅದು ಎಲ್ಲೆಡೆ ಒಂದು ಪೂರ್ಣ ಅಕ್ಷರವಾಗಿತ್ತು. ಬರಬರುತ್ತ ಅದರ ಸ್ವರ ಲೋಪವಾಯಿತು. ಕವಿಗಳೂ ಲೇಖಕರೂ ಹೀಗೆ ಸ್ವರವನ್ನು ನುಂಗುವುದನ್ನು ಜಾನಥನ್ ಸ್ವಿಫ್ಟ್ ೧೭೧೨ರ ತನ್ನ ಭಾಷಾಸುಧಾರಣೆಯ ಪ್ರಸ್ತಾವದಲ್ಲಿ ಕಟುವಾಗಿ ಆಕ್ಷೇಪಿಸಿದ. ಜನರ ಮಾತು ಅವನ ಆಕ್ಷೇಪಕ್ಕಾಗಿ ನಿಲ್ಲಲಿಲ್ಲ. ಸ್ವರ ಹೋದ ಮೇಲೆ ಪ್ರತ್ಯಯ ತನ್ನ ಹಿಂದಿನ ಧ್ವನಿಗೆ ಹೊಂದಿಕೊಂಡಿತು. ಅಘೋಷದ ಮುಂದೆ ‘ವಾಕ್ಟ್’ ಎಂದು ಟಕಾರ, ಘೋಷದ ಮುಂದೆ ‘ಲವ್ಡ್’ ಎಂದು ಡಕಾರ. ಧಾತುವಿನ ಕೊನೆಯಲ್ಲಿಯೇ ಟ-ಡಗಳಿದ್ದಲ್ಲಿ ಮಾತ್ರ ಸ್ವರ ಉಳಿದು ‘ವಾಂಟೆಡ್’ ಎಂದಾಯಿತು. ‘ವಿಕೆಡ್’, ‘ಬ್ಲೆಸೆಡ್’ ಎಂಬ ವಿಶೇಷಣಗಳಲ್ಲಿ ಹಳೆಯ ಉಚ್ಚಾರಣೆ ಇಂದಿಗೂ ಇದೆ.

೪. ನಿಯಮವೇ ಸೃಷ್ಟಿಸಿದ ಅನಿಯಮ

ಅನಿಯಮಿತವೆನಿಸುವ ಧಾತುಗಳೆಲ್ಲವೂ ಪ್ರಬಲ ವರ್ಗಕ್ಕೆ ಸೇರಿದವಲ್ಲ. ಅನೇಕವು ‘ಎಡ್’ ಪ್ರತ್ಯಯದ ಗುಂಪಿನವೇ ಆಗಿದ್ದು, ಧ್ವನಿಪರಿವರ್ತನೆಯಿಂದ ಗುರುತು ಸಿಗದಂತಾಗಿವೆ. ಇವುಗಳಲ್ಲಿ ಮೂರು ಬಗೆಗಳನ್ನು ನೋಡಬಹುದು.

ಮೊದಲನೆಯದು ‘ಕೀಪ್–ಕೆಪ್ಟ್’, ‘ಸ್ಲೀಪ್–ಸ್ಲೆಪ್ಟ್’, ‘ಮೀಟ್–ಮೆಟ್’, ‘ಫೀಡ್–ಫೆಡ್’ ಬಗೆ. ಹಳೆಯ ಇಂಗ್ಲಿಷಿನಲ್ಲಿ ‘ಕೀಪ್’ ಧಾತುವಿನ ರೂಪಗಳು ‘ಕೇಪನ್’, ‘ಕೇಪ್ಟೆ’. ಎರಡರಲ್ಲಿಯೂ ದೀರ್ಘ ಏಕಾರವೇ ಇತ್ತು. ಎರಡು ವ್ಯಂಜನಗಳ ಹಿಂದಿನ ದೀರ್ಘ ಸ್ವರ ಹ್ರಸ್ವವಾಗುವ ಪ್ರವೃತ್ತಿಯಿಂದ ಭೂತರೂಪ ‘ಕೆಪ್ಟೆ’ ಎಂದಾಯಿತು. ಅನಂತರ, ಸುಮಾರು ೧೪೦೦ರಿಂದ ೧೭೦೦ರವರೆಗೆ, ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸ್ಥಾನ ಬದಲಿಸಿದವು. ‘ಕೇಪ್’ ಎಂಬುದು ‘ಕೀಪ್’ ಆಯಿತು. ಆಗಲೇ ಹ್ರಸ್ವವಾಗಿದ್ದ ‘ಕೆಪ್ಟ್’ ಈ ಬದಲಾವಣೆಗೆ ಒಳಗಾಗಲಿಲ್ಲ. ಎರಡು ನಿಯಮಗಳು ಒಂದರ ಮೇಲೊಂದು ಕೆಲಸ ಮಾಡಿದ್ದರ ಪರಿಣಾಮವೇ ಇಂದಿನ ‘ಅನಿಯಮ’.

ಎರಡನೆಯದು ‘ಥಿಂಕ್–ಥಾಟ್’, ‘ಬ್ರಿಂಗ್–ಬ್ರಾಟ್’, ‘ಸೀಕ್–ಸಾಟ್’ ಬಗೆ. ತಕಾರದ ಹಿಂದಿನ ಕವರ್ಗದ ವ್ಯಂಜನ ಬಹು ಹಿಂದೆಯೇ ಹಕಾರದಂಥ ಘರ್ಷಧ್ವನಿಯಾಯಿತು. ಅದರ ಹಿಂದಿದ್ದ ಅನುನಾಸಿಕ ಲೋಪವಾಗಿ ಸ್ವರ ದೀರ್ಘವಾಯಿತು. ಮುಂದೆ ಆ ಘರ್ಷಧ್ವನಿಯೂ ಉಚ್ಚಾರಣೆಯಿಂದ ಮಾಯವಾಯಿತು. ಬರವಣಿಗೆಯಲ್ಲಿ ಮಾತ್ರ ಜಿ, ಎಚ್ ಎಂಬ ಎರಡು ಮೌನಾಕ್ಷರಗಳಾಗಿ ಅದು ನಿಂತಿದೆ. ವಿದ್ಯಾರ್ಥಿಗಳನ್ನು ಕಾಡುವ ಆ ಅಕ್ಷರಗಳು ಒಮ್ಮೆ ನಿಜವಾಗಿ ಉಚ್ಚರಿಸಲ್ಪಡುತ್ತಿದ್ದವು.

ಮೂರನೆಯದು ‘ಪುಟ್’, ‘ಸೆಟ್’ ಬಗೆ. ಟಕಾರಾಂತ ಧಾತುವಿಗೆ ಟಕಾರಾದಿ ಪ್ರತ್ಯಯ ಸೇರಿ ದ್ವಿತ್ವವಾಯಿತು, ಪದಾಂತ್ಯದ ಸ್ವರ ಬಿದ್ದುಹೋದ ಮೇಲೆ ದ್ವಿತ್ವವೂ ಹೋಯಿತು. ಪ್ರತ್ಯಯವಿಲ್ಲವೆಂದು ತೋರುವಲ್ಲಿ ಇದ್ದದ್ದು ಪ್ರತ್ಯಯವನ್ನು ಧಾತು ನುಂಗಿಕೊಂಡ ಸ್ಥಿತಿ.

ಇವೆಲ್ಲಕ್ಕಿಂತ ಭಿನ್ನವಾದುದು ‘ಗೋ–ವೆಂಟ್’. ‘ವೆಂಟ್’ ಮೂಲತಃ ‘ತಿರುಗು, ಸಾಗು’ ಎಂಬ ಅರ್ಥದ ‘ವೆಂಡ್’ ಧಾತುವಿನ ಭೂತರೂಪ. ಹಳೆಯ ಇಂಗ್ಲಿಷಿನಲ್ಲಿ ‘ಹೋದನು’ ಎನ್ನಲು ‘ಏಒದೆ’ ಎಂಬ ಬೇರೊಂದು ರೂಪವಿತ್ತು. ಹದಿನೈದನೆಯ ಶತಮಾನದ ಹೊತ್ತಿಗೆ ‘ವೆಂಟ್’ ಅದನ್ನು ಬಹುಮಟ್ಟಿಗೆ ತಳ್ಳಿ ಆ ಸ್ಥಾನದಲ್ಲಿ ನಿಂತಿತು. ಸಂಸ್ಕೃತದಲ್ಲಿ ‘ದೃಶ್’ ಧಾತುವಿಗೆ ವರ್ತಮಾನದಲ್ಲಿ ‘ಪಶ್ಯತಿ’ ಎಂದಾಗುವುದೂ ಇಂಥ ಆದೇಶವೇ.

೫. ಬಳಕೆ ಮತ್ತು ಉಳಿವು

ಹಳೆಯ ಇಂಗ್ಲಿಷಿನಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಬಲ ಧಾತುಗಳಿದ್ದವು. ೧೦೬೬ರ ನಾರ್ಮನ್ ವಿಜಯದ ಅನಂತರ ಆಡಳಿತ ಮತ್ತು ಉನ್ನತ ಸಾಹಿತ್ಯದ ಕ್ಷೇತ್ರಗಳಲ್ಲಿ ಫ್ರೆಂಚ್, ಲ್ಯಾಟಿನ್ ಭಾಷೆಗಳು ನೆಲೆನಿಂತವು. ಇಂಗ್ಲಿಷಿನ ಲಿಖಿತ ಶಿಷ್ಟರೂಪ ಸಡಿಲವಾಯಿತು. ಈ ಕಾಲದಲ್ಲಿ ಅನೇಕ ಪ್ರಬಲ ಧಾತುಗಳು ಅಳಿದವು, ಅನೇಕವು ‘ಎಡ್’ ಗುಂಪಿಗೆ ಸೇರಿದವು. ‘ಹೆಲ್ಪ್’ ಧಾತುವಿಗೆ ಇಂದು ‘ಹೆಲ್ಪ್ಡ್’ ಎನ್ನುತ್ತೇವೆ. ೧೬೧೧ರ ಇಂಗ್ಲಿಷ್ ಬೈಬಲ್ಲಿನಲ್ಲಿ ‘ಹೋಲ್ಪನ್’ ಎಂಬ ಹಳೆಯ ಕೃದಂತ ಇನ್ನೂ ಇದೆ. ಹೊಸದಾಗಿ ಬಂದ ಧಾತುಗಳೆಲ್ಲ ಸಾಮಾನ್ಯವಾಗಿ ‘ಎಡ್’ ಹಚ್ಚಿಕೊಂಡೇ ಬಂದವು.

ಪ್ರವಾಹ ಒಂದೇ ದಿಕ್ಕಿಗೆ ಹರಿಯಿತೆಂದು ತಿಳಿಯಬಾರದು. ‘ವೇರ್’ (ತೊಡು) ಮೊದಲು ದುರ್ಬಲ ಧಾತುವಾಗಿದ್ದು, ‘ಬೇರ್–ಬೋರ್’ ಮಾದರಿಯ ಸೆಳೆತದಿಂದ ‘ವೋರ್’ ಎಂದಾಯಿತು. ಫ್ರೆಂಚಿನಿಂದ ಬಂದ ‘ಸ್ಟ್ರೈವ್’ ಧಾತು ‘ಡ್ರೈವ್–ಡ್ರೋವ್’ ಮಾದರಿಯಲ್ಲಿ ‘ಸ್ಟ್ರೋವ್’ ಆಯಿತು. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಾಣಿಸಿಕೊಂಡ ‘ಸ್ನಕ್’ ರೂಪವೂ ಸಾದೃಶ್ಯದ ಫಲ. ಅಳಿದ ನಿಯಮದ ನೆನಪು ಭಾಷಿಕರಲ್ಲಿ ಪೂರ್ತಿ ಅಳಿದಿರುವುದಿಲ್ಲ ಎಂಬುದಕ್ಕೆ ಇವು ಸಾಕ್ಷಿ.

ಯಾವ ಧಾತು ಉಳಿಯುತ್ತದೆ, ಯಾವುದು ಬದಲಾಗುತ್ತದೆ ಎಂಬುದಕ್ಕೆ ಬಳಕೆಯ ಪ್ರಮಾಣವೇ ಮುಖ್ಯ ಕಾರಣವೆಂದು ಭಾಷಾವಿಜ್ಞಾನಿಗಳು ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಎರೆಜ್ ಲೀಬರ್‌ಮನ್ ಮತ್ತು ಸಂಗಡಿಗರು ೨೦೦೭ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಅಂಕಿಗಳ ಆಧಾರ ಒದಗಿಸಿತು. ಅವರು ಆಯ್ದುಕೊಂಡ ಹಳೆಯ ಇಂಗ್ಲಿಷಿನ ೧೭೭ ಅನಿಯಮಿತ ಧಾತುಗಳಲ್ಲಿ ಮಧ್ಯಕಾಲದ ಇಂಗ್ಲಿಷಿನ ಹೊತ್ತಿಗೆ ೧೪೫, ಇಂದು ೯೮ ಮಾತ್ರ ಅನಿಯಮಿತವಾಗಿ ಉಳಿದಿವೆ. ನೂರು ಪಟ್ಟು ಕಡಿಮೆ ಬಳಕೆಯಾಗುವ ಧಾತು ಹತ್ತು ಪಟ್ಟು ಬೇಗ ನಿಯಮಕ್ಕೆ ಒಳಗಾಗುತ್ತದೆ ಎಂಬುದು ಅವರ ನಿರ್ಣಯ. ನಾಲಗೆಯ ಮೇಲೆ ದಿನವೂ ಆಡುವ ರೂಪ ಮರೆಯುವುದಿಲ್ಲ. ಅಪರೂಪಕ್ಕೆ ಬರುವ ಧಾತುವಿನ ಭೂತರೂಪ ನೆನಪಾಗದಾಗ ಮಾತುಗಾರ ಸಿದ್ಧ ಪ್ರತ್ಯಯವನ್ನು ಹಚ್ಚಿಬಿಡುತ್ತಾನೆ.

೬. ಕನ್ನಡದ ಕಡೆಯಿಂದ

ಈ ವಿವೇಚನೆಯನ್ನು ಕನ್ನಡಕ್ಕೆ ಅನ್ವಯಿಸಿದಾಗ ಸ್ವಾರಸ್ಯಕರ ಸಂಗತಿಗಳು ಹೊರಡುತ್ತವೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಭೂತಕಾಲಕ್ಕೆ ‘ದ’ ಪ್ರತ್ಯಯವನ್ನು ಹೇಳುತ್ತಾನೆ. ‘ಮಾಡಿದ’, ‘ಹಾಡಿದ’, ‘ಬಳಸಿದ’ ಎಂಬಲ್ಲಿ ಅದು ನಿಚ್ಚಳವಾಗಿದೆ. ‘ಇಸು’ ಸೇರಿ ಹುಟ್ಟುವ ಹೊಸ ಧಾತುಗಳೆಲ್ಲ ಈ ದಾರಿಯನ್ನೇ ಹಿಡಿಯುತ್ತವೆ. ಆದರೆ ‘ಬರು–ಬಂದ’, ‘ಕೊಡು–ಕೊಟ್ಟ’, ‘ನಗು–ನಕ್ಕ’, ‘ಸಾಯು–ಸತ್ತ’, ‘ಕೊಲ್ಲು–ಕೊಂದ’, ‘ನಿಲ್ಲು–ನಿಂತ’ ಮೊದಲಾದವು ಹಾಗಿಲ್ಲ. ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿಯುವ ದೆಹಲಿಯ ವಿದ್ಯಾರ್ಥಿಗೆ ಇವು ನಮಗೆ ಇಂಗ್ಲಿಷಿನ ಪಟ್ಟಿ ಇದ್ದಂತೆಯೇ ಇರುತ್ತವೆ. ಇಲ್ಲಿಯೂ ಹಳೆಯ ರೂಪ ಉಳಿದಿರುವುದು ಬರು, ಹೋಗು, ಕೊಡು, ತಿನ್ನು, ನಿಲ್ಲು, ಸಾಯು ಎಂಬ ನಿತ್ಯಬಳಕೆಯ ಧಾತುಗಳಲ್ಲಿಯೇ.

‘ಬೀಳು–ಬಿದ್ದ’, ‘ಏಳು–ಎದ್ದ’ ಎಂಬ ಜೋಡಿಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಹಳಗನ್ನಡದ ‘ಬೀೞ್’, ‘ಏೞ್’ ಧಾತುಗಳಿಗೆ ‘ದ’ ಸೇರಿದಾಗ ಒತ್ತಕ್ಷರದ ಹಿಂದಿನ ದೀರ್ಘ ಹ್ರಸ್ವವಾಗಿ ‘ಬಿೞ್ದ’, ‘ಎೞ್ದ’ ಎಂದಾದವು. ಮುಂದೆ ೞಕಾರ ರೇಫವಾಗಿ, ಅದೂ ದಕಾರದಲ್ಲಿ ಲೀನವಾಗಿ ಇಂದಿನ ರೂಪಗಳು ಬಂದವು. ‘ಕೀಪ್–ಕೆಪ್ಟ್’ ಜೋಡಿಯಲ್ಲಿ ನಡೆದ ಹ್ರಸ್ವೀಕರಣದ ಪ್ರಕ್ರಿಯೆ ಇದೇ. ‘ಹೊಗು’ ಧಾತು ಆಡುಮಾತಿನಿಂದ ಬಹುಮಟ್ಟಿಗೆ ಮರೆಯಾಗಿ ‘ಹೊಕ್ಕ’ ಎಂಬ ಭೂತರೂಪ ಮಾತ್ರ ಉಳಿದಿರುವುದು ‘ವೆಂಡ್’ ಸರಿದು ‘ವೆಂಟ್’ ಉಳಿದುದನ್ನು ನೆನಪಿಸುತ್ತದೆ.

‘ಡಿಡ್ ನಾಟ್ ವೆಂಟ್’ ಎಂದು ನಮ್ಮ ವಿದ್ಯಾರ್ಥಿಗಳು ತಪ್ಪುವುದುಂಟು. ಅವರ ಭಾಷೆಯಲ್ಲಿಯೇ ಇದಕ್ಕೆ ಮದ್ದಿದೆ. ಕನ್ನಡದಲ್ಲಿ ‘ಹೋಗಲಿಲ್ಲ’ ಎನ್ನುತ್ತೇವೆ, ‘ಹೋದಲಿಲ್ಲ’ ಎನ್ನುವುದಿಲ್ಲ. ನಿಷೇಧದಲ್ಲಿ ಮುಖ್ಯ ಧಾತು ಭೂತಪ್ರತ್ಯಯವನ್ನು ಬಿಟ್ಟುಕೊಡುತ್ತದೆ. ಇಂಗ್ಲಿಷಿನಲ್ಲಿಯೂ ಅಷ್ಟೇ, ಕಾಲದ ಹೊರೆ ‘ಡಿಡ್’ ಮೇಲಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕನ್ನಡದ ‘ದ’ಕಾರವೂ ಇಂಗ್ಲಿಷಿನ ‘ಡ್’ಕಾರವೂ ಒಂದೇ ಮೂಲದವು ಎಂದು ವಾದಿಸುವ ಆಸೆ ಹುಟ್ಟುವುದು ಸಹಜ. ಕೇವಲ ಒಂದು ಧ್ವನಿಯ ಹೋಲಿಕೆಯಿಂದ ಸಂಬಂಧ ಸಿದ್ಧಿಸುವುದಿಲ್ಲ. ‘ವಾಸ್–ವರ್’ ಮತ್ತು ‘ಉವಾಸ–ಊಷುಃ’ಗಳ ಸಂಬಂಧವನ್ನು ಒಪ್ಪುವುದು ಅವು ಕಿವಿಗೆ ಹೋಲುತ್ತವೆಂದಲ್ಲ. ಧಾತು, ಸ್ವರಭೇದ, ವಚನಭೇದ, ಉದಾತ್ತಸ್ಥಾನ ಇವೆಲ್ಲ ನಿಯಮಪೂರ್ವಕವಾಗಿ ತಾಳೆಯಾಗುವುದರಿಂದ ಒಪ್ಪುತ್ತೇವೆ. ಕನ್ನಡದ ‘ದ’ಕಾರದ ನಂಟನ್ನು ಹುಡುಕಬೇಕಾದುದು ತಮಿಳು ಮೊದಲಾದ ಸೋದರ ಭಾಷೆಗಳಲ್ಲಿ. ‘ನಗು–ನಕ್ಕ’ ಬಗೆಯ ದ್ವಿತ್ವವನ್ನು ೧೮೫೬ರಷ್ಟು ಹಿಂದೆಯೇ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಚರ್ಚಿಸಿದ್ದಾನೆ. ‘ಕೆಪ್ಟ್’ ಮತ್ತು ‘ಬಿದ್ದ’ಗಳ ನಡುವೆ ಇರುವುದು ರಕ್ತಸಂಬಂಧವಲ್ಲ, ಮಾನವ ಉಚ್ಚಾರಣೆಯ ಸಮಾನ ಪ್ರವೃತ್ತಿ. ಈ ಎರಡನ್ನೂ ಬೇರ್ಪಡಿಸಿ ನೋಡುವುದೇ ತೌಲನಿಕ ಅಧ್ಯಯನದ ಮೊದಲ ಶಿಸ್ತು.

೭

ಒಟ್ಟಿನಲ್ಲಿ ಹೇಳುವುದಾದರೆ, ಇಂಗ್ಲಿಷಿನ ಭೂತಕಾಲದ ಪಟ್ಟಿ ಅವ್ಯವಸ್ಥೆಯ ದಾಖಲೆಯಲ್ಲ. ಬೇರೆ ಬೇರೆ ಕಾಲದ ವ್ಯವಸ್ಥೆಗಳ ಪದರಗಳು ಅದರಲ್ಲಿ ಒಂದರ ಮೇಲೊಂದು ಕುಳಿತಿವೆ. ಅದನ್ನು ಬಾಯಿಪಾಠ ಮಾಡುವುದು ತಪ್ಪುವುದಿಲ್ಲವಾದರೂ, ವರ್ಗವರ್ಗವಾಗಿ ಕಾರಣಸಹಿತ ಕಲಿಸಿದರೆ ಹೊರೆ ಹಗುರಾಗುತ್ತದೆ. ಇದಕ್ಕಿಂತ ಮುಖ್ಯವಾದುದು ನಮ್ಮದೇ ಭಾಷೆಯ ವಿಷಯ. ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡವನ್ನು ಅನ್ಯಭಾಷಿಕರಿಗೆ ಕಲಿಸುವಾಗ ನಾವೂ ಅಂಥದೇ ಪಟ್ಟಿಯನ್ನು ಕೈಗಿತ್ತು, ಇವು ಹೀಗೆಯೇ ಎಂದು ಹೇಳಿ ಮುಗಿಸುತ್ತಿದ್ದೇವೆ. ‘ಬಿದ್ದ’ ಎಂಬ ಪದದಲ್ಲಿ ಕನ್ನಡ ಕಳೆದುಕೊಂಡ ೞಕಾರದ ಚರಿತ್ರೆಯಿದೆ, ‘ಕೊಟ್ಟ’ ಎಂಬುದರಲ್ಲಿ ಹಲ್ಮಿಡಿಯಿಂದ ಇಂದಿನವರೆಗಿನ ಅವಿಚ್ಛಿನ್ನ ಪರಂಪರೆಯಿದೆ. ಇವನ್ನು ಅನಿಯಮಿತವೆಂದು ಬದಿಗಿಡುವುದಕ್ಕಿಂತ ಶಾಸನಗಳಂತೆ ಓದುವುದು ಉಚಿತ. ಶಾಸನಗಳ ಭೂತರೂಪಗಳನ್ನು ಶತಮಾನವಾರು ಸಂಗ್ರಹಿಸಿ, ಯಾವ ಧಾತು ಯಾವಾಗ ‘ಇದ’ ಗುಂಪಿಗೆ ಸೇರಿತು, ಯಾವುದು ಸೇರದೆ ನಿಂತಿತು ಎಂಬುದನ್ನು ನಿರ್ಧರಿಸುವ ಕೆಲಸವನ್ನು ಸಂಶೋಧಕರು ಕೈಗೊಳ್ಳಬೇಕು. ಇಂಗ್ಲಿಷಿನ ಧಾತುಗಳಿಗೆ ಸಾಧ್ಯವಾದ ಎಣಿಕೆ ಒಂದೂವರೆ ಸಾವಿರ ವರ್ಷಗಳ ಬರಹವುಳ್ಳ ಕನ್ನಡಕ್ಕೆ ಅಸಾಧ್ಯವಾಗಬೇಕಿಲ್ಲ.